ಹಡಗಿನವರ ಮಂಗಳೂರು, ಬಸ್ಸಿನವರ ಮಂಗಳೂರು

ಪಣಂಬೂರಿನ ಬಂದರಿಗೆ ಬೆಳಿಗ್ಗೆ ಪ್ರವಾಸಿ ಹಡಗು ಬಂದು ಸಂಜೆಗೆ ಹೊರಟಿತೆಂದರೆ ಮರುದಿನ ಪತ್ರಿಕೆಯಲ್ಲಿ ಚಿತ್ರ ಖಂಡಿತ. ಕೊರಳಲ್ಲಿ ಹಾರ, ಕೈಯಲ್ಲಿ ಕ್ಯಾಮರಾ, ಪಕ್ಕದಲ್ಲೊಂದು ಯಕ್ಷಗಾನದ ವೇಷ. ಅದನ್ನು ನೋಡಿ ಕಾಸರಗೋಡು ಕಡೆಯ ನಮ್ಮ ಮುಳ್ಳೇರಿಯದವರು ಮರುಕಪಡುತ್ತಾರೆ: ಪಾಪ, ಇಷ್ಟು ಹೊತ್ತಿನಲ್ಲಿ ಅವರು ಏನು ನೋಡಿಯಾರು! ಈ ಮರುಕ ದಂಡವೆಂದೇ ನನ್ನ ವಾದ. ಬಂದರಿನ ಊರು ಬೆಳೆದದ್ದೇ ಬಂದುಹೋಗುವವರಿಂದ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಯಾತ್ರಿಕ ಇಬ್ನ್ ಬತೂತ, ರಾಜನ ಮಗ ಒತ್ತೆಯಾಳಾಗಿ ಹಡಗು ಹತ್ತುವ ತನಕ ದಡಕ್ಕೆ ಕಾಲಿಡಲಿಲ್ಲ. ಆಮೇಲೆ ಇಳಿದು ಮೂರು ದಿನ ಸತ್ಕಾರ ಉಂಡು ಹೊರಟ. ಮೆಣಸು, ಶುಂಠಿ, ಫಾರಸ್ ಮತ್ತು ಯೆಮೆನಿನ ವರ್ತಕರು, ಎಲ್ಲ ಅವನ ಬರಹದಲ್ಲಿವೆ. ಇಂದಿನವರಿಗೆ ವೀಸಾ ಸಾಕು, ಜಿಲ್ಲಾಧಿಕಾರಿಯ ಮಕ್ಕಳನ್ನು ಹಡಗಿಗೆ ಹತ್ತಿಸಬೇಕಾಗಿಲ್ಲ.

ಹೆಚ್ಚು ದಿನ ಇದ್ದವನು ಹೆಚ್ಚು ಕಾಣುತ್ತಾನೆ ಎನ್ನುವವರಿಗೆ ಅಬ್ರಹಾಂ ಬೆನ್ ಯಿಜುವನ್ನು ತೋರಿಸಬೇಕು. ಈ ಯಹೂದಿ ವರ್ತಕ 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲಸಿ, ಇಲ್ಲಿಯವಳೊಂದಿಗೆ ಸಂಸಾರ ಹೂಡಿ, ಕಂಚಿನ ಕಾರ್ಖಾನೆಯನ್ನೂ ನಡೆಸಿದ. ಕೈರೋದ ಸಿನಗಾಗಿನಲ್ಲಿ ಉಳಿದ ಅವನ ಕಾಗದಪತ್ರಗಳಲ್ಲಿ ಏನಿದೆ? ಮೆಣಸು, ಕಬ್ಬಿಣ, ಅಡಿಕೆಯ ಲೆಕ್ಕ. ಏಡನ್ನಿನಿಂದ ಬರಬೇಕಾದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ. ಅಡಿಕೆ ಮಾರುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಬೇರೂರಿದವನಿಗೆ ಊರು ಕಾಣುವುದಿಲ್ಲ, ಬಾಕಿ ಕಾಣುತ್ತದೆ. ನಮ್ಮ ಮಂಗಳೂರಾದರೂ ಯಾವುದು? 1956ರಲ್ಲಿ ನಾವು ಕೇರಳಕ್ಕೆ ಸೇರುವ ತನಕ ಅದೇ ನಮ್ಮ ಜಿಲ್ಲಾ ಕೇಂದ್ರ. ಈಗಲೂ ಬೆಳಗಿನ ಬಸ್ಸಿಗೆ ಹೋಗಿ, ಆಸ್ಪತ್ರೆಯಲ್ಲಿ ಟೋಕನ್ ಹಿಡಿದು, ಮದುವೆ ಇದ್ದರೆ ಸೀರೆ ಕೊಂಡು, ಸಂಜೆಗೆ ಮನೆ ಸೇರುವ ಊರು. ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಛಾವಣಿಗಳ ತುಂಬ ಮೊಸ್ಕೇನಿ ಎಂಬ ಇಟಲಿಯವನು ಬರೆದ ಚಿತ್ರಗಳಿವೆ. ಅದನ್ನು ನೋಡಲು ಇಟಲಿಯವರು ಸಮುದ್ರ ದಾಟಿ ಬರುತ್ತಾರೆ. ನಾವು ಆ ಗುಡ್ಡದ ಬುಡದಲ್ಲೇ ಬಸ್ಸು ಕಾಯುತ್ತೇವೆ.

ಹಡಗಿನವರಿಗೆ ತೋರಿಸುವುದೆಲ್ಲ ಸಿದ್ಧಪಡಿಸಿಟ್ಟ ಮಂಗಳೂರು ಎಂಬ ಆಕ್ಷೇಪಕ್ಕೆ ಸ್ವಲ್ಪ ತೂಕವಿದೆ. ಕದ್ರಿ, ಕುದ್ರೋಳಿ ದೇವಸ್ಥಾನಗಳು, ಗೇರುಬೀಜದ ಕಾರ್ಖಾನೆ: ಪಟ್ಟಿ ಹೆಚ್ಚುಕಡಿಮೆ ಇದೇ. ಗೇರುಬೀಜದ ಬಗ್ಗೆ ನನ್ನ ತಕರಾರಿಲ್ಲ, ಅದೂ ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲಿನಿಂದ ಬಂದ ಪ್ರವಾಸಿಯೇ, ಹಿಂದಿರುಗಲಿಲ್ಲ ಅಷ್ಟೆ. ತಕರಾರಿರುವುದು ಬಂದರಿನ ಬಗ್ಗೆ. ಹಡಗು ನಿಲ್ಲುವ ಪಣಂಬೂರು 1975ರಲ್ಲಿ ಉದ್ಘಾಟನೆಯಾದದ್ದು; ಚರಿತ್ರೆಯ ಬಂದರು ಇರುವುದು ದಕ್ಷಿಣಕ್ಕೆ, ನದಿಯ ಅಳಿವೆಯಲ್ಲಿ. ಅಲ್ಲಿ ಇಂದಿಗೂ ಮಂಜಿ ಎಂಬ ಮರದ ಹಡಗುಗಳು ಲಕ್ಷದ್ವೀಪಕ್ಕೆ ದಿನಸಿ ತುಂಬಿಕೊಳ್ಳುತ್ತವೆ, ದಕ್ಕೆಯಲ್ಲಿ ಮೀನಿನ ಏಲಂ ನಡೆಯುತ್ತದೆ. ಇಬ್ನ್ ಬತೂತ ಈಗ ಬಂದರೆ ಗುರುತು ಹಿಡಿಯಬಹುದಾದ ಕೆಲಸ ನಡೆಯುವುದು ಇಲ್ಲೇ. ವಾಸನೆ, ಕೆಸರು, ದೊಡ್ಡ ಬಸ್ಸು ತಿರುಗದ ಓಣಿ ಎಂದು ಹೇಳುವವರಿದ್ದಾರೆ. ನಿಜವೇ. ಆದರೆ ಮೀನು ನಾರದ ಬಂದರನ್ನು ನೋಡಬೇಕೆಂದರೆ ಪಣಂಬೂರಿನಿಂದ ಹೊರಗೇ ಬರಬೇಕಾಗಿರಲಿಲ್ಲವಲ್ಲ! ದೇವಸ್ಥಾನ ಎರಡರಲ್ಲಿ ಒಂದನ್ನು ಬಿಟ್ಟರೆ ಹಳೆ ಬಂದರು ತೋರಿಸಲು ಬೇಕಾದ ಒಂದು ತಾಸು ಸಿಗುತ್ತದೆ. ಬಸ್ಸಿನವರಿಗಂತೂ ನೆಪವೇ ಇಲ್ಲ: ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದರೆ ಬಂದರು ನಡೆಯುವಷ್ಟು ದೂರ, ಡಾಕ್ಟರು ಬರುವುದು ಹೇಗೂ ಹನ್ನೊಂದರ ಮೇಲೆ.