ಪೆಟ್ಟಿಗೆಗಳಿಗೊಂದು ಪೆಟ್ಟಿಗೆ

ಹೋಮ್ ಥಿಯೇಟರ್ ಕ್ಯಾಬಿನೆಟ್ ಎಂದರೆ ಟೀವಿ, ರಿಸೀವರ್, ಸ್ಪೀಕರ್, ಸೆಟ್‌ಟಾಪ್ ಬಾಕ್ಸ್ ಮತ್ತು ಇವನ್ನೆಲ್ಲ ಹೆಣೆದಿಟ್ಟ ವೈರುಗಳನ್ನು ಒಂದೆಡೆ ಇಡಲು ಅಳತೆ ಕೊಟ್ಟು ಮಾಡಿಸುವ ಮರದ ಕಟ್ಟು. ಕನ್ನಡದ ಮನೆಗಳಲ್ಲಿ ಇದು ಮೊದಲು ಶೋಕೇಸ್ ಆಗಿತ್ತು, ಆಮೇಲೆ ವಾಲ್ ಯೂನಿಟ್ ಆಯಿತು, ಈಗ ಟೀವಿ ಯೂನಿಟ್. ಹೆಸರು ಯಾವುದಾದರೂ ಲಕ್ಷಣ ಒಂದೇ: ಮಾಡಿಸುವುದು ಈಗ ಮನೆಯಲ್ಲಿರುವ ಯಂತ್ರಕ್ಕೆ, ಬಾಳುವುದು ಮುಂದೆ ಬರಲಿರುವ ಯಂತ್ರಗಳ ಜೊತೆ. ಮರ ಇಪ್ಪತ್ತು ವರ್ಷ ನಿಲ್ಲುತ್ತದೆ. ಎಲೆಕ್ಟ್ರಾನಿಕ್ಸ್ ಅಷ್ಟು ದಿನ ಕಾಯುವುದಿಲ್ಲ. ಬೀಗರಿಬ್ಬರ ನಡುವೆ ಇರುವಂಥ ಈ ಸಂಬಂಧದಲ್ಲಿ ತಗ್ಗಿ ನಡೆಯಬೇಕಾದವರು ಯಾರು ಎಂಬುದು ಪ್ರತಿ ಸಲವೂ ಹೊಸದಾಗಿ ತೀರ್ಮಾನವಾಗುತ್ತದೆ.

ಆರಂಭದಲ್ಲಿ ಇಂಥ ತೊಂದರೆ ಇರಲಿಲ್ಲ, ಏಕೆಂದರೆ ಟೀವಿಯೇ ಪೀಠೋಪಕರಣವಾಗಿತ್ತು. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಕಾಲದ ಡಯನೋರಾ, ಸಾಲಿಡೇರ್, ಕ್ರೌನ್ ಮುಂತಾದ ಕಪ್ಪು-ಬಿಳುಪು ಸೆಟ್ಟುಗಳಲ್ಲಿ ಹಲವು ಮರದ ಮೈಯೊಂದಿಗೇ ಬರುತ್ತಿದ್ದವು. ಕೆಳಗೆ ನಾಲ್ಕು ಕಾಲು, ಮುಂದೆ ಎರಡೂ ಕಡೆಯಿಂದ ಎಳೆದು ಮುಚ್ಚುವ ಶಟರ್, ಶಟರಿಗೊಂದು ಬೀಗ. ಬೀಗ ಇರುವುದು ಧೂಳು ಹೋಗದಿರಲಿ ಎಂದು ಅಂಗಡಿಯವರು ಹೇಳುತ್ತಿದ್ದರು. ಧೂಳಿಗೆ ಶಟರ್ ತೆಗೆಯಲು ಬರುವುದಿಲ್ಲ ನಿಜ, ಆದರೆ ಎಸ್ಸೆಸ್ಸೆಲ್ಸಿ ಓದುವ ಮಗನಿಗೆ ಬರುತ್ತದೆಂಬುದು ಅಪ್ಪಂದಿರಿಗೆ ಗೊತ್ತಿತ್ತು. ಸೆಟ್ಟಿನ ನೆತ್ತಿಯ ಮೇಲೆ ಮನೆಯ ಹೆಣ್ಣುಮಕ್ಕಳು ಹೆಣೆದ ಕ್ರೋಶಾ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. 1987-88ರ ಭಾನುವಾರಗಳಲ್ಲಿ ರಾಮಾಯಣ ನೋಡಲು ಬೀದಿಗೆ ಬೀದಿಯೇ ಒಂದು ಮನೆಯ ಹಾಲಿಗೆ ಬಂದಾಗ, ಹಿಂದೆ ಕೂತವರಿಗೂ ಕಾಣಲೆಂದು ಸೆಟ್ಟನ್ನು ಮೇಜಿನ ಮೇಲೋ ಗೋಡೆಯ ಹಲಗೆಯ ಮೇಲೋ ಏರಿಸಿದರು. ಬೀದಿಯವರು ಬರುವುದು ನಿಂತು ದಶಕಗಳಾದವು. ಏರಿದ ಟೀವಿ ಇನ್ನೂ ಪೂರ್ತಿ ಇಳಿದಿಲ್ಲ.

ಶೋಕೇಸ್ ಹುಟ್ಟಿದ್ದು ಬಣ್ಣದ ಟೀವಿಯ ಕಾಲದಲ್ಲಿ. ಇಡೀ ಗೋಡೆಗೆ ಹಬ್ಬಿದ ತೇಗದ ಚೌಕಟ್ಟು, ಸರಿಸುವ ಗಾಜಿನ ಬಾಗಿಲು, ನಟ್ಟನಡುವೆ ಟೀವಿಗೊಂದು ಚೌಕ ಗೂಡು. ಗೂಡಿನ ಸುತ್ತ ಚನ್ನಪಟ್ಟಣದ ಬೊಂಬೆಗಳು, ಶ್ರವಣಬೆಳಗೊಳದಿಂದ ತಂದ ಗೇಣುದ್ದದ ಗೊಮ್ಮಟ, ಕನ್ಯಾಕುಮಾರಿಯ ಶಂಖ, ಮಗಳು ಭಾವಗೀತೆ ಸ್ಪರ್ಧೆಯಲ್ಲಿ ಗೆದ್ದ ಶೀಲ್ಡು, ಯಾರೂ ಎಂದೂ ಕಾಫಿ ಕುಡಿಯದ ಪಿಂಗಾಣಿ ಕಪ್ಪು-ಸಾಸರಿನ ಸೆಟ್ಟು. ಈ ವಸ್ತುಪ್ರದರ್ಶನದಲ್ಲಿ ಟೀವಿಯೂ ಒಂದು ವಸ್ತು, ಅಷ್ಟೆ. ಗೂಡಿನ ಅಳತೆ ಇಪ್ಪತ್ತೊಂದು ಇಂಚಿನ ಪಿಕ್ಚರ್ ಟ್ಯೂಬಿನ ಸೆಟ್ಟಿಗೆ ಸರಿಯಾಗಿ; ಟ್ಯೂಬಿನ ಬೆನ್ನು ಹಿಂದಕ್ಕೆ ಚಾಚುತ್ತಿದ್ದುದರಿಂದ ಒಂದೂವರೆ ಅಡಿ ಆಳ.

ಆಮೇಲೆ ಟೀವಿ ಚಪ್ಪಟೆಯಾಯಿತು. ಚಪ್ಪಟೆಯಾದದ್ದು ಮಾತ್ರವಲ್ಲ, ಅಗಲವೂ ಆಯಿತು. ಹಳೆಯ ಪರದೆಯ ಅಗಲ-ಎತ್ತರ ನಾಲ್ಕಕ್ಕೆ ಮೂರು, ಹೊಸದರದ್ದು ಹದಿನಾರಕ್ಕೆ ಒಂಬತ್ತು. ಮೂವತ್ತೆರಡು ಇಂಚಿನ ಚಪ್ಪಟೆ ಟೀವಿಗೆ ಇಪ್ಪತ್ತೆಂಟು ಇಂಚಿಗೂ ಮಿಕ್ಕ ಅಗಲ ಬೇಕು, ಗೂಡಿನಲ್ಲಿರುವುದು ಇಪ್ಪತ್ತನಾಲ್ಕು. ಕೆಲವರು ಬಡಗಿಯನ್ನು ಕರೆಸಿ ಪಕ್ಕದ ಹಲಗೆ ಕೊಯ್ಯಿಸಿದರು. ಅತ್ತ ಗೊಮ್ಮಟ ನೆಲೆ ಕಳೆದುಕೊಂಡ. ಹೆಚ್ಚಿನವರು ತೇಗಕ್ಕೆ ಗರಗಸ ಹಾಕಲು ಮನಸ್ಸು ಬಾರದೆ, ಹೊಸ ಟೀವಿಯನ್ನು ಗೂಡಿನ ಬಾಯಿಗೆ ಅಡ್ಡಲಾಗಿ ನಿಲ್ಲಿಸಿದರು. ಹಿಂದೆ ಉಳಿದ ಕತ್ತಲ ಗೂಡಿಗೆ ಕೆಟ್ಟ ವಿಸಿಡಿ ಪ್ಲೇಯರ್, ಸ್ಟೆಬಿಲೈಸರ್, ಯಾವ ಕಾಲದ್ದೋ ಒಂದು ಛತ್ರಿ ಹೋಗಿ ಸೇರಿದವು.

ಹೊಸದಾಗಿ ಮಾಡಿಸುವವರ ಮೊದಲ ಎಡವಟ್ಟು ಅಳತೆಯಲ್ಲೇ ಆಗುತ್ತದೆ. ಟೀವಿಯ ಇಂಚು ಅಗಲದ್ದಲ್ಲ, ಮೂಲೆಯಿಂದ ಮೂಲೆಗೆ ಎಳೆದ ಓರೆ ಗೆರೆಯದ್ದು. ‘ಐವತ್ತೈದಿಂಚು ಟೀವಿ’ ಎಂದು ಫೋನಿನಲ್ಲಿ ಕೇಳಿಸಿಕೊಂಡ ಬಡಗಿ ಸರಿಯಾಗಿ ಐವತ್ತೈದಿಂಚು ಅಗಲದ ಗೂಡು ಮಾಡಿಟ್ಟಿರುತ್ತಾನೆ. ಆ ಪರದೆಯ ನಿಜವಾದ ಅಗಲ ನಲವತ್ತೆಂಟು ಇಂಚು. ಎರಡೂ ಬದಿ ಉಳಿದ ಮೂರೂವರೆ ಇಂಚಿನ ಸಂದಿಗೆ ನೀಲಿ ಎಲ್‌ಇಡಿ ಪಟ್ಟಿ ಅಂಟಿಸಿ ‘ಡಿಸೈನೇ ಹಂಗೆ ಸಾರ್’ ಎಂದರಾಯಿತು. ಇಂದಿನ ಟೀವಿ ಯೂನಿಟ್ಟುಗಳ ನೀಲಿ ಬೆಳಕಿನಲ್ಲಿ ಒಂದು ಪಾಲಾದರೂ ಹೀಗೆ ಹುಟ್ಟಿದ್ದೆಂದು ನಂಬಲು ಅಡ್ಡಿಯಿಲ್ಲ.

ಎರಡನೆಯದು ಎತ್ತರ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ನಲವತ್ತು ಇಂಚು ಮೇಲಿರುತ್ತದೆ. ಪರದೆಯ ನಡುಭಾಗ ಅದರ ಆಸುಪಾಸಿನಲ್ಲಿದ್ದರೆ ಕುತ್ತಿಗೆಗೆ ಕ್ಷೇಮ. ಆದರೆ ಅಳತೆ ಹಾಕುವ ದಿನ ಸೋಫಾ ಇನ್ನೂ ಬಂದಿರುವುದಿಲ್ಲ. ಬಡಗಿ ನಿಂತು ಗೋಡೆಗೆ ಪೆನ್ಸಿಲ್ ಇಡುತ್ತಾನೆ, ಯಜಮಾನರು ನಿಂತು ನೋಡಿ ‘ಇನ್ನೊಂಚೂರು ಮೇಲೆ’ ಎನ್ನುತ್ತಾರೆ, ಅಡುಗೆಮನೆಯ ಬಾಗಿಲಲ್ಲಿ ನಿಂತ ಯಜಮಾನಿತಿ ‘ಅಲ್ಲಿಗೇ ಇರ್ಲಿ’ ಎನ್ನುತ್ತಾರೆ. ಮೂವರೂ ನಿಂತವರೇ. ದೂರದ ವಿಷಯದಲ್ಲಿ ಮಾತ್ರ ನಮ್ಮ ಮನೆಗಳಿಗೆ ಅದೃಷ್ಟವಿದೆ. ಪರದೆ ಕಣ್ಣಿಗೆ ಮೂವತ್ತು ಡಿಗ್ರಿ ಕೋನದಷ್ಟು ತುಂಬಬೇಕೆಂಬ ಲೆಕ್ಕದಲ್ಲಿ ಐವತ್ತೈದಿಂಚಿಗೆ ಏಳೂವರೆ ಅಡಿ ದೂರ ಸಾಕು. ಮೂವತ್ತು-ನಲವತ್ತರ ಸೈಟಿನ ಮನೆಯ ಹಾಲ್ ಕೊಡಬಲ್ಲದ್ದೂ ಹೆಚ್ಚುಕಡಿಮೆ ಅಷ್ಟನ್ನೇ.

ಇನ್ನು ಸಾಮಾನು. ದಾಂಡೇಲಿ ತೇಗದ ಮಾತು ಈಗ ಅಜ್ಜಂದಿರ ಬಾಯಲ್ಲಿ ಮಾತ್ರ ಉಳಿದಿದೆ, ಉಳಿದವರದ್ದೆಲ್ಲ ಪ್ಲೈವುಡ್. ಎಂಟಡಿ-ನಾಲ್ಕಡಿಯ ಹಾಳೆ, ಹದಿನೆಂಟೋ ಹತ್ತೊಂಬತ್ತೋ ಎಂಎಂ ದಪ್ಪ. ಇದರಲ್ಲಿ ಐಎಸ್ 303 ಎಂಬ ಸಾಮಾನ್ಯ ದರ್ಜೆಯೂ ಐಎಸ್ 710 ಎಂಬ ಮೆರೈನ್ ದರ್ಜೆಯೂ ಇವೆ. ಎರಡನೆಯದು ಹಡಗು-ದೋಣಿಗಳಿಗೆ ಒದಗುವ ಜಾತಿ; ಎಪ್ಪತ್ತೆರಡು ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದೆಂಬುದು ಅದಕ್ಕಿರುವ ಪರೀಕ್ಷೆ. ಅಂಗಡಿಯವರು ಈ ಕುದಿಸುವ ಸಂಗತಿಯನ್ನು ಎಷ್ಟು ಭಕ್ತಿಯಿಂದ ಹೇಳುತ್ತಾರೆಂದರೆ, ಹಾಲಿನಲ್ಲಿ ಟೀವಿಯನ್ನು ಮೂರು ದಿನ ಕುದಿಸುವ ಪ್ರಸಂಗ ಬರುವುದಿಲ್ಲವೆಂಬುದು ಗಿರಾಕಿಗೆ ಆ ಹೊತ್ತಿಗೆ ಹೊಳೆಯುವುದೇ ಇಲ್ಲ. ಹಾಲಿನಲ್ಲಿ ಬರುವ ಶತ್ರುಗಳು ಬೇರೆ: ಗೋಡೆಯ ಒರತೆ, ಗೆದ್ದಲು, ಮತ್ತು ದಿನಾ ನೆಲ ಒರೆಸುವ ಬಟ್ಟೆ. ಪಾರ್ಟಿಕಲ್ ಬೋರ್ಡಿನ ಯೂನಿಟ್ಟುಗಳು ಈ ಮೂರನೆಯದಕ್ಕೇ ಸೋಲುತ್ತವೆ. ವರ್ಷ ಕಳೆಯುವುದರೊಳಗೆ ಪಾದ ಊದಿಕೊಳ್ಳುತ್ತದೆ. ಲ್ಯಾಮಿನೇಟಿನ ಬಣ್ಣ ಆರಿಸುವುದು ಮನೆಮಂದಿಯೆಲ್ಲ ಸೇರಿ ವಾರಗಟ್ಟಲೆ ಮಾಡುವ ಕೆಲಸ. ಯಾವ ಬಣ್ಣವಾದರೂ ಸರಿ, ಪರದೆಯ ಸುತ್ತ ಮಿರಿಮಿರಿ ಮಿಂಚುವುದು ಬೇಡ. ಕತ್ತಲ ದೃಶ್ಯದಲ್ಲಿ ಕೊಲೆಗಾರನ ಜೊತೆ ಟ್ಯೂಬ್‌ಲೈಟೂ ಕಾಣಿಸಿಕೊಳ್ಳುತ್ತದೆ.

ಕ್ಯಾಬಿನೆಟ್ಟಿನ ನಿಜವಾದ ಪರೀಕ್ಷೆ ಶಾಖದ್ದು. ಹೋಮ್ ಥಿಯೇಟರಿನ ಯಜಮಾನ ಎಂದರೆ ಸ್ಪೀಕರುಗಳಿಗೆ ಸದ್ದು ಹಂಚುವ ಎವಿ ರಿಸೀವರ್. ಬಹುಪಾಲು ರಿಸೀವರುಗಳ ಒಳಗಿರುವ ಆಂಪ್ಲಿಫೈಯರ್ ಎಬಿ ವರ್ಗದ್ದು. ಅದು ತಿನ್ನುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಸದ್ದಾಗದೆ ಬಿಸಿಯಾಗಿ ಹೊರಬೀಳುತ್ತದೆ. ಅದಕ್ಕೇ ಅದರ ನೆತ್ತಿಯ ತುಂಬ ಸೀಳುಗಳು. ಮೇಲೆ ಸುಮಾರು ಒಂದಡಿಯಾದರೂ ಖಾಲಿ ಬಿಡಿ ಎಂದು ಕೈಪಿಡಿಗಳು ಕೇಳಿಕೊಳ್ಳುತ್ತವೆ. ಕೈಪಿಡಿ ಥರ್ಮೋಕೋಲಿನ ಜೊತೆ ಅಟ್ಟ ಸೇರುತ್ತದೆ. ಆ ಒಂದಡಿ ಜಾಗದಲ್ಲಿ ಸೆಟ್‌ಟಾಪ್ ಬಾಕ್ಸ್ ಬರುತ್ತದೆ, ಅದರ ಮೇಲೆ ವೈಫೈ ರೂಟರ್, ಅದರ ಮೇಲೆ ಮೂರು ರಿಮೋಟು, ಒಂದು ವಿದ್ಯುತ್ ಬಿಲ್ಲು. ಹಿಂದುಗಡೆ ಬಡಗಿ ಆರು ಎಂಎಂ ಪ್ಲೈ ಹೊಡೆದು ಎಳ್ಳಷ್ಟೂ ಸಂದಿ ಇಲ್ಲದಂತೆ ಮುಚ್ಚಿ, ‘ಒಂದ್ ಇರುವೆ ಹೋಗಲ್ಲ ಸಾರ್’ ಎಂದು ಬೆವರು ಒರೆಸಿಕೊಂಡಿರುತ್ತಾನೆ. ಇರುವೆ ಹೋಗದಲ್ಲಿ ಗಾಳಿಯೂ ಹೋಗುವುದಿಲ್ಲ. ಸಿನಿಮಾದ ಕೊನೆಯ ಹೊಡೆದಾಟ ಜೋರಾದಂತೆ ಆಂಪ್ಲಿಫೈಯರಿನ ದುಡಿಮೆಯೂ ಜೋರಾಗಿ, ಬಿಸಿ ಮಿತಿಮೀರಿ, ರಕ್ಷಣೆಯ ಸರ್ಕ್ಯೂಟು ಇಡೀ ಯಂತ್ರವನ್ನು ಆರಿಸಿಬಿಡುತ್ತದೆ. ನಾಯಕ ಗೆದ್ದನೋ ಇಲ್ಲವೋ ತಿಳಿಯಬೇಕಾದರೆ ಅರ್ಧ ಗಂಟೆ ತಣಿಯಬೇಕು. ಉಪಾಯ ಸರಳ: ತಣ್ಣನೆ ಗಾಳಿ ಒಳಬರಲು ಕೆಳಗೊಂದು ಬಾಯಿ, ಬಿಸಿಗಾಳಿ ಹೊರಹೋಗಲು ಮೇಲೊಂದು ಬಾಯಿ, ಅಷ್ಟಕ್ಕೂ ಸಾಲದಿದ್ದರೆ ಕಂಪ್ಯೂಟರಿಗೆ ಹಾಕುವ 120 ಎಂಎಂ ಫ್ಯಾನು ನಿಧಾನ ವೇಗದಲ್ಲಿ. ಬೆಚ್ಚಗಿನ ಈ ಗೂಡನ್ನು ಮೆಚ್ಚಿ ಬರುವ ಹಲ್ಲಿ ಮತ್ತು ಜಿರಲೆಗಳಿಗಾಗಿ ಬಾಯಿಗಳಿಗೆ ಜಾಲರಿ ಹೊಡೆಯುವುದು ಮರೆಯಬಾರದು.

ಆಳವೂ ಇದಕ್ಕೇ ಸೇರಿದ ಮಾತು. ನೋಟಕ್ಕೆ ತೆಳ್ಳಗೆ ಚೆನ್ನ ಎಂದು ಈಗಿನ ಯೂನಿಟ್ಟುಗಳಿಗೆ ಒಂದಡಿ ಆಳ ಇಡುತ್ತಾರೆ. ರಿಸೀವರಿನ ಆಳವೇ ಹದಿಮೂರರಿಂದ ಹದಿನಾರು ಇಂಚು, ಹಿಂದೆ ಚಾಚುವ ಪ್ಲಗ್ಗುಗಳಿಗೆ ಇನ್ನೂ ಎರಡು ಮೂರು. ಫಲವಾಗಿ ಯಂತ್ರದ ಮೂತಿ ಬಾಗಿಲಿನಿಂದ ಹೊರಗೆ ಇಣುಕುತ್ತದೆ, ಬಾಗಿಲು ಎಂದೂ ಮುಚ್ಚುವುದಿಲ್ಲ. ಒಂದು ರೀತಿಯಲ್ಲಿ ಗಾಳಿಗೆ ಒಳ್ಳೆಯದೇ. ವೈರಿನ ತೂತಿನದ್ದೂ ಇದೇ ಕಥೆ. ವೈರು ತೋರಿಸಿ ತೂತು ಕೊರೆಸಿದರೆ ವೈರು ಸಲೀಸಾಗಿ ಹೋಗುತ್ತದೆ, ಎಚ್‌ಡಿಎಂಐ ಕೇಬಲಿನ ತಲೆ ಹೋಗುವುದಿಲ್ಲ. ತಿಳಿದವರು ಗೋಡೆ ಗಾರೆಯಾಗುವ ಮೊದಲೇ ಎರಡಿಂಚಿನ ಪಿವಿಸಿ ಪೈಪು ಹೂತು, ಒಳಗೊಂದು ದಾರ ಬಿಟ್ಟಿರುತ್ತಾರೆ. ಪೈಪು ಇಡಿಸುವಾಗ ಎಲೆಕ್ಟ್ರಿಷಿಯನ್ ‘ಒಂದಿಂಚು ಸಾಕಲ್ವಾ’ ಎಂದು ಕೇಳುತ್ತಾನೆ. ಸಾಲುವುದಿಲ್ಲ.

ಬಾಗಿಲು ಮುಚ್ಚುವಂಥ ಕ್ಯಾಬಿನೆಟ್ಟಿನಲ್ಲಿ ರಿಮೋಟಿನ ಪ್ರಶ್ನೆ ಏಳುತ್ತದೆ. ಬಹಳಷ್ಟು ರಿಮೋಟುಗಳದ್ದು ಅವಕೆಂಪು ಬೆಳಕು. ಅದು ಪ್ಲೈವುಡ್ಡನ್ನು ತೂರಿ ಹೋಗಲಾರದು, ಗುಂಡಿಯನ್ನು ಎಷ್ಟೇ ಒತ್ತಿ ಹಿಡಿದರೂ. ಬಾಗಿಲಿಗೆ ಗಾಜು ಹಾಕಬಹುದು, ಸ್ಪೀಕರಿನ ಬಟ್ಟೆ ಬಿಗಿಯಬಹುದು, ಅಥವಾ ಹೊರಗೊಂದು ಪುಟ್ಟ ಕಣ್ಣು ಅಂಟಿಸಿ ಒಳಗಿನ ಯಂತ್ರಗಳಿಗೆ ಸುದ್ದಿ ಮುಟ್ಟಿಸುವ ಐಆರ್ ರಿಪೀಟರ್ ಇಡಬಹುದು.

ಸ್ಪೀಕರುಗಳ ಮಟ್ಟಿಗೆ ಕ್ಯಾಬಿನೆಟ್ ಮಾಡಬಹುದಾದ ದೊಡ್ಡ ಉಪಕಾರವೆಂದರೆ ದೂರ ಇರುವುದು. ನಡುವಿನ ಸೆಂಟರ್ ಸ್ಪೀಕರನ್ನು ಹಲಗೆಯ ಮೇಲಿಡಬಹುದು, ಆದರೆ ಮುಂದಿನ ಅಂಚಿಗೆ ಸಮನಾಗಿ. ಒಳಗೆ ತಳ್ಳಿದರೆ ಮಾತೆಲ್ಲ ಬಾವಿಯೊಳಗಿಂದ ಬರುತ್ತದೆ. ಸಬ್‌ವೂಫರ್ ಎಂಬ ದಪ್ಪ ಗಂಟಲಿನ ಪೆಟ್ಟಿಗೆಯನ್ನಂತೂ ನೆಲದ ಮೇಲೆ ಹೊರಗಿಡಬೇಕು. ಒಳಗಿಟ್ಟರೆ ಅದು ಗುಡುಗಿದಾಗ ಗಾಜಿನ ಬಾಗಿಲು ಗಡಗಡಿಸಿ, ಪಿಂಗಾಣಿ ಕಪ್ಪುಗಳು ಸಾಸರುಗಳ ಮೇಲೆ ತಾಳ ಹಾಕುತ್ತವೆ. ಹೊರಗಿಟ್ಟರೆ ಎರಡೇ ದಿನದಲ್ಲಿ ಅದರ ಮೇಲೆ ಮನಿಪ್ಲಾಂಟ್ ಬರುತ್ತದೆ. ಇನ್ನು ಹಿಂಬದಿಯ ಎರಡು ಸ್ಪೀಕರುಗಳು. ಅವು ಕೂತವರ ಬೆನ್ನ ಹಿಂದೆ ಇರಬೇಕೆಂದೇ ಐದು ಸ್ಪೀಕರ್ ಕೊಟ್ಟಿರುವುದು. ಆದರೆ ಹಾಲಿನ ನಡುವೆ ವೈರು ಎಳೆದರೆ ಎಡವುತ್ತಾರೆ, ಗೋಡೆಗೆ ಮೊಳೆ ಹೊಡೆದರೆ ಪೇಂಟು ಹೋಗುತ್ತದೆ. ಹಾಗಾಗಿ ಐದೂ ಸ್ಪೀಕರುಗಳು ಶೋಕೇಸಿನ ಒಂದೇ ಹಲಗೆಯ ಮೇಲೆ ಸಾಲಾಗಿ ಕೂತಿರುವ ಮನೆಗಳು ಊರಿಗೆ ಹತ್ತಾರು. ತಲೆಯ ಹಿಂದಿನಿಂದ ಹಾರಿಬರಬೇಕಾದ ಹೆಲಿಕಾಪ್ಟರ್ ಅಲ್ಲಿ ಚನ್ನಪಟ್ಟಣದ ಬೊಂಬೆಯ ಪಕ್ಕದಿಂದ ಹೊರಡುತ್ತದೆ.

ಈ ಎಲ್ಲ ರಗಳೆಗೆ ಉತ್ತರವಾಗಿ ಕೆಲವರು ಮರವನ್ನೇ ಬಿಟ್ಟು ಕಬ್ಬಿಣದ ರ‍್ಯಾಕಿಗೆ ಹೋಗುತ್ತಾರೆ. ಹತ್ತೊಂಬತ್ತು ಇಂಚಿನ ರ‍್ಯಾಕ್ ಅಮೆರಿಕದ ಟೆಲಿಫೋನ್ ಎಕ್ಸ್‌ಚೇಂಜುಗಳ ಬಳುವಳಿ. 1920ರ ದಶಕದಲ್ಲಿ ನೆಲೆಯಾದ ಈ ಅಳತೆ ಇಂದು ಡೇಟಾ ಸೆಂಟರುಗಳವರೆಗೂ ನಡೆದುಬಂದಿದೆ. ಎತ್ತರವನ್ನು ಲೆಕ್ಕ ಹಾಕುವುದು ಯೂನಿಟ್ಟಿನಲ್ಲಿ. ಒಂದು ಯೂನಿಟ್ ಎಂದರೆ ಒಂದೂಮುಕ್ಕಾಲು ಇಂಚು, ಅಂದರೆ 44.45 ಎಂಎಂ. ಮನೆಯ ರಿಸೀವರಿನ ಅಗಲ ಸುಮಾರು ಹದಿನೇಳು ಇಂಚು. ಎರಡು ಕಂಬಗಳ ನಡುವೆ ತಟ್ಟೆ ಬಿಗಿದು ಕೂರಿಸಿದರೆ ಸರಿಯಾಗಿ ಕೂರುತ್ತದೆ. ನಾಲ್ಕೂ ಕಡೆ ಗಾಳಿ, ಹಿಂದೆ ಕೈ ಹಾಕಲು ಜಾಗ, ಅಡಿಗೆ ಚಕ್ರ. ಹೊಸ ಯಂತ್ರ ಬಂದರೆ ತಟ್ಟೆಯನ್ನು ಎರಡು ತೂತು ಮೇಲೆ ಬಿಗಿದರಾಯಿತು, ಗರಗಸ ಬೇಡ. ತಾಂತ್ರಿಕವಾಗಿ ಇದರ ಮೇಲೆ ದೂರು ಹೇಳುವಂತಿಲ್ಲ. ದೂರು ಬರುವುದು ಬೇರೆ ಕಡೆಯಿಂದ. ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವ ಮಗ ಅಕ್ಕರೆಯಿಂದ ಹಾಲಿನಲ್ಲಿ ನಿಲ್ಲಿಸಿದ ಕರಿ ರ‍್ಯಾಕನ್ನು ಕಂಡು ತಾಯಿ ‘ಇದೇನೋ, ಮೊಬೈಲ್ ಟವರಾ?’ ಎಂದು ಕೇಳುತ್ತಾರೆ. ನೆಂಟರು ಬರುವುದರೊಳಗೆ ರ‍್ಯಾಕು ಮೆಟ್ಟಿಲ ಕೆಳಗೆ, ಇನ್ವರ್ಟರ್ ಮತ್ತು ಚಪ್ಪಲಿಗಳ ಸಾಲಿಗೆ ಹೋಗಿರುತ್ತದೆ. ಅಲ್ಲಿಂದ ಟೀವಿಗೆ ಏಳೆಂಟು ಮೀಟರ್. ಸಾಮಾನ್ಯ ತಾಮ್ರದ ಎಚ್‌ಡಿಎಂಐ ಕೇಬಲಿಗೆ ನಾಲ್ಕೈದು ಮೀಟರ್ ದಾಟಿದರೆ 4ಕೆ ಚಿತ್ರ ಸಾಗಿಸುವುದು ಕಷ್ಟ. ಒಳಗೆ ಆಪ್ಟಿಕಲ್ ಫೈಬರ್ ಇರುವ ದುಬಾರಿ ಕೇಬಲ್ ತರಬೇಕು.

ವಾಸ್ತುವಿನ ಮಾತೂ ಒಂದಿದೆ. ವಿದ್ಯುತ್ ಉಪಕರಣ ಆಗ್ನೇಯಕ್ಕೆ ಎನ್ನುತ್ತಾರೆ ವಾಸ್ತುವಿನವರು, ಪ್ಲಗ್ ಪಾಯಿಂಟು ವಾಯವ್ಯದಲ್ಲಿದೆ ಎನ್ನುತ್ತಾನೆ ಎಲೆಕ್ಟ್ರಿಷಿಯನ್. ಸಾಮಾನ್ಯವಾಗಿ ಎಕ್ಸ್‌ಟೆನ್ಷನ್ ಬಾಕ್ಸು ಗೆಲ್ಲುತ್ತದೆ.

ಕಡೆಯದಾಗಿ ಬಾಡಿಗೆಮನೆ. ಗೋಡೆಗೆ ಬಿಗಿದ ಯೂನಿಟ್ಟನ್ನು ಕಿತ್ತರೆ ಪ್ಲೈ ಚೂರಾಗುತ್ತದೆ, ಗೋಡೆಯ ತೂತುಗಳ ಲೆಕ್ಕ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಾಗುತ್ತದೆ. ಆದ್ದರಿಂದ ಬಾಡಿಗೆದಾರರು ಮಾಡಿಸಿದ ಯೂನಿಟ್ಟುಗಳು ಬಹುಮಟ್ಟಿಗೆ ಅಲ್ಲೇ ಉಳಿಯುತ್ತವೆ. ಮನೆ ಖಾಲಿಯಾದ ವಾರದಲ್ಲೇ ಮಾಲೀಕರು ಅದಕ್ಕೊಮ್ಮೆ ಒದ್ದೆ ಬಟ್ಟೆ ಆಡಿಸಿ, ‘ಸೆಮಿ ಫರ್ನಿಶ್ಡ್’ ಎಂದು ಬೋರ್ಡು ಹಾಕಿ, ಬಾಡಿಗೆಯನ್ನು ಎರಡು ಸಾವಿರ ಏರಿಸುತ್ತಾರೆ. ಹೊಸಬರು ಅರವತ್ತೈದಿಂಚಿನ ಟೀವಿ ತಂದು, ಗೂಡಿನ ಮುಂದೆ ಹಿಡಿದು ನೋಡಿ, ಬಡಗಿಯ ನಂಬರ್ ಕೇಳುತ್ತಾರೆ.