ಎಳೆದು ಬಿಡುವ ಆಟ

"ಅಳಿಯಂದ್ರೇ, ಪಹಣಿಯ ಪಿಡಿಎಫ್ ತೆರೆದಿದ್ದೆ. ಕರೆಂಟ್ ಬಿಲ್ಲನ್ನು ಎಳೆದು ಅದರ ಮೇಲೆ ಬಿಟ್ಟೆ. ಪಹಣಿಯೇ ಮಾಯ!"

"ನಡುವೆ ಬಿಟ್ರಾ ಮಾವ, ಪಕ್ಕದ ಪಟ್ಟಿಯಲ್ಲಾ?"

"ಬಿಡೋದಕ್ಕೂ ವಾಸ್ತು ಉಂಟೇ?"

"ಉಂಟು. ನಡುವೆ ಬಿಟ್ರೆ ಬಿಲ್ಲು ತೆರೆಯುತ್ತೆ. ಕೆಲವು ತಂತ್ರಾಂಶಗಳಲ್ಲಿ ಪಕ್ಕದ ಪುಟ್ಟ ಪುಟಗಳ ಸಾಲಲ್ಲಿ ಬಿಟ್ರೆ ಪಹಣಿಗೇ ಸೇರ್ಕೊಳ್ಳುತ್ತೆ."

"ಅಂದ್ರೆ ನನ್ನ ಹೊಲಕ್ಕೆ ಕರೆಂಟ್ ಬಿಲ್ಲು ವಾರಸುದಾರ!"

"ಫೋಲ್ಡರ್ ಕಥೆ ಇನ್ನೂ ಮಜಾ. ವಿಂಡೋಸ್‌ನಲ್ಲಿ ಫೈಲನ್ನು ಅದೇ ಡ್ರೈವ್‌ನ ಬೇರೆ ಫೋಲ್ಡರ್‌ಗೆ ಎಳೆದ್ರೆ ಮೂಲವೇ ಜಾಗ ಖಾಲಿ ಮಾಡುತ್ತೆ; ಪೆನ್‌ಡ್ರೈವ್‌ಗೆ ಎಳೆದ್ರೆ ನಕಲು ಮಾತ್ರ ಹೋಗುತ್ತೆ. ಕಂಟ್ರೋಲ್ ಒತ್ತಿ ಎಳೆದ್ರೆ ಎಲ್ಲಿಗಾದ್ರೂ ನಕಲೇ."



"ಸರಿ, ಈಗ ಆಧಾರ್ ಎಳೆದು ಹಿಡ್ಕೊಂಡಿದ್ದೀನಿ. ಬಿಡೋಕೆ ಧೈರ್ಯವಿಲ್ಲ. ಬೆರಳು ನೋಯ್ತಿದೆ. ನೀವು ಊರಿಗೆ ಯಾವತ್ತು ಬರ್ತೀರಿ?"