ಅಟ್ಟದ ಪೆಟ್ಟಿಗೆ, ಅಂಗೈ ಆಸೆ

ನಮ್ಮ ಮನೆಯ ಟಿವಿಯಲ್ಲಿ ವಿಡಿಯೋ ಗೇಮಿನ ಮಾರಿಯೋ ಆಮೆಗೆ ತಗುಲಿ ಸತ್ತದ್ದು ಕಡಿಮೆ, ವಾರ್ತೆಗೆ ಸಿಕ್ಕಿ ಸತ್ತದ್ದೇ ಹೆಚ್ಚು. ಜಗುಲಿಯಲ್ಲಿ ಅಪ್ಪ ಚಪ್ಪಲಿ ಬಿಡುವ ಸದ್ದು ಕೇಳಿದರೆ ಮುಗಿಯಿತು. “ಸಾಕು ತೆಗಿಯೋ, ವಾರ್ತೆ ಹೊತ್ತಾಯ್ತು.” ಎಲ್ಲಿಯವರೆಗೆ ಬಂದಿದ್ದೆವೆಂದು ಗುರುತಿಟ್ಟುಕೊಳ್ಳುವ ಬುದ್ಧಿ ಆ ಕ್ಯಾಸೆಟ್ಟಿಗಿರಲಿಲ್ಲ, ನಾಳೆ ಮತ್ತೆ ಮೊದಲಿನಿಂದ. ಕಾರ್ಟ್ರಿಜ್ ಎಂಬ ಮಾತು ನಮಗೆ ಗೊತ್ತೇ ಇರಲಿಲ್ಲ, ಕ್ಯಾಸೆಟ್ಟೇ. ಹತ್ತದಿದ್ದರೆ ಕಿತ್ತು, ಬಾಯಿಂದ ಊದಿ, ಮತ್ತೆ ತುರುಕುವುದು. ಹತ್ತುತ್ತಿದ್ದುದು ಕಿತ್ತು ಹಾಕಿದ್ದಕ್ಕೆ, ಊದಿದ್ದಕ್ಕಲ್ಲ, ಉಸಿರಿನ ತೇವ ಅದರ ಹಲ್ಲುಗಳಿಗೆ ಕೆಟ್ಟದ್ದೇ ಎಂದು ಆಮೇಲೆ ತಿಳಿಯಿತು. ಆಗ ಅದು ಮಂತ್ರ.

ನಲವತ್ತು ದಾಟಿದ ಮೇಲೆ ಆ ಸೇಡು ತೀರಿಸಿಕೊಳ್ಳುವ ಆಸೆ ಹುಟ್ಟಿತು. ಹಳೆಯ ವಿಡಿಯೋ ಗೇಮೊಂದನ್ನು ಬಿಚ್ಚಿ, ಅದರ ಬೋರ್ಡಿಗೆ ಸಣ್ಣ ಸ್ಕ್ರೀನು, ಬ್ಯಾಟರಿ ಜೋಡಿಸಿ, ಅಂಗೈಯಲ್ಲೇ ಆಡುವಂತೆ ಮಾಡುವುದು. ಟಿವಿಯ ಹಂಗೇ ಬೇಡ. “ಅವೆಲ್ಲ ಮೊಬೈಲಲ್ಲೇ ಬರ್ತವಲ್ಲಪ್ಪ” ಎಂದಳು ಮಗಳು. ಬರುತ್ತವೆ. ಉಪ್ಪಿನಕಾಯಿಯೂ ಅಂಗಡಿಯಲ್ಲಿ ಸಿಗುತ್ತದೆ. ಅವಳಜ್ಜಿ ಮಾತ್ರ ವರ್ಷಾ ವರ್ಷಾ ಅಪ್ಪೆಮಿಡಿ ಹುಡುಕಿಸುತ್ತಾಳೆ.

ಆದರೆ ಬಿಚ್ಚುವುದು ಯಾವುದನ್ನು?

ಈ ಹುಚ್ಚಿನಲ್ಲಿ ಮೊದಮೊದಲು ಹೆಸರು ಮಾಡಿದವರು ಅಮೆರಿಕದ ಬೆಂಜಮಿನ್ ಹೆಕೆಂಡಾರ್ನ್. 2000ದ ಸುಮಾರಿಗೆ ಅವರು ಕೈ ಹಾಕಿದ್ದು 1977ರ ಅಟಾರಿ 2600ಕ್ಕೆ. ಅದರ ನೆನಪಿನ ಶಕ್ತಿ 128 ಬೈಟ್. ಕನ್ನಡದಲ್ಲಿ ಬರೆದ ಈ ಒಂದು ವಾಕ್ಯ ಕೂಡ ಅದರ ತಲೆಯಲ್ಲಿ ಪೂರ್ತಿ ಹಿಡಿಯುವುದಿಲ್ಲ. ಅಷ್ಟು ಹಳೆಯದು ನನಗೆಲ್ಲಿ ಸಿಗಬೇಕು?

ಮನಸ್ಸು ಹೋದದ್ದು 1996ರ ನಿಂಟೆಂಡೊ 64ರ ಮೇಲೆ. ಕ್ಯಾಸೆಟ್ಟಿನದು, ತಿರುಗುವ ಮೋಟಾರಿಲ್ಲ. ಅದರ ಮೇಲ್ಮುಚ್ಚಳದಡಿ ಪುಟ್ಟ ತುಂಡೊಂದಿದೆ. ಒಳಗೆ ನೆನಪಿನ ಚಿಪ್ಪಿಲ್ಲ, ಲೆಕ್ಕ ಮಾಡುವುದಿಲ್ಲ, ಏನೂ ಮಾಡುವುದಿಲ್ಲ. ಆದರೆ ಅದನ್ನು ಕಿತ್ತಿಟ್ಟರೆ ಯಂತ್ರ ಏಳುವುದೇ ಇಲ್ಲ. ನಮ್ಮ ಆಫೀಸಿನಲ್ಲೂ ಅಂಥವರೊಬ್ಬರಿದ್ದರು. ಪ್ಲೇಸ್ಟೇಷನ್ನಿಗಾದರೆ ತಿರುಗುವ ತಟ್ಟೆ, ಅದನ್ನು ಓದುವ ಲೇಸರ್ ಕಣ್ಣು. ಸಿಟಿ ಬಸ್ಸಿನ ಕೊನೇ ಸೀಟಿನಲ್ಲಿ ಅದರ ಗತಿ ಏನು? 2006ರ ವೀ ಯಂತ್ರದ ಬೋರ್ಡನ್ನೇ ಕತ್ತರಿಸಿ, ಬೇಕಾದ ನಡುಭಾಗವನ್ನಷ್ಟೇ ಉಳಿಸಿಕೊಳ್ಳುವ ಧೀರರಿದ್ದಾರೆ. ನಾನು ಹಲಸಿನ ಹಣ್ಣು ಕೊಯ್ಯಲು ಕೂತರೇ ಮನೆಯವರು ಕತ್ತಿ ಕಿತ್ತುಕೊಳ್ಳುತ್ತಾರೆ.

ಸೆಗಾ ಕಂಪನಿ ತನ್ನ ಮೆಗಾ ಡ್ರೈವನ್ನು ತಾನೇ ಅಂಗೈಗಿಳಿಸಿ 1995ರಲ್ಲಿ ನೊಮ್ಯಾಡ್ ಎಂದು ಮಾರಿತ್ತು. ಆರು ಪೆನ್ಸಿಲ್ ಸೆಲ್ಲು ನುಂಗಿ ಎರಡು ಮೂರು ಗಂಟೆಗೆ ಮಲಗುತ್ತಿತ್ತಂತೆ. ಇಂಥದ್ದನ್ನು ಓದಿದಾಗ ದೊಡ್ಡವರ ಕೈಲೂ ಆಗಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನ.

ಯಂತ್ರ ಯಾವುದೆಂದು ಗೊತ್ತಾಗುವ ಮೊದಲೇ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸ್ಕ್ರೀನು ಕೊಂಡೆ. ಮನೆಗೆ ಪಾಯ ತೋಡದೆ ಬಾಗಿಲು ಕೊಂಡ ಹಾಗೆ. ಕಾರು ಹಿಂದೆ ತೆಗೆಯುವಾಗ ನೋಡುವ 4.3 ಇಂಚಿನದು, ಹಳೇ ಗೇಮಿನ ಹಳದಿ ವೈರನ್ನು ಅದು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. “ಯಾವ ಗಾಡಿಗೆ ಸಾರ್?” ಎಂದ ಹುಡುಗ. ಗಾಡಿ ಇಲ್ಲ ಎಂದೆ. ಅವನು ನನ್ನನ್ನೊಮ್ಮೆ ನೋಡಿ, ಬೆಲೆಯಲ್ಲಿ ಐವತ್ತು ರೂಪಾಯಿ ತಾನಾಗಿ ಬಿಟ್ಟ. ಜೊತೆಗೆ ಎರಡು 18650 ಸೆಲ್ಲು. ಹೆಸರೇ ಅಳತೆ: 18 ಮಿಲಿಮೀಟರ್ ದಪ್ಪ, 65 ಉದ್ದ. ಮನುಷ್ಯರಿಗೂ ಹೀಗೆ ಹೆಸರಿಟ್ಟಿದ್ದರೆ ದರ್ಜಿಗಳಿಗೆ ಸುಖವಿತ್ತು.

ಹಬ್ಬಕ್ಕೆ ಊರಿಗೆ, ಸಾಗರಕ್ಕೆ, ಹೋದಾಗ ಅಟ್ಟ ಹತ್ತಿದೆ. ಮಾರಿ ಜಾತ್ರೆಯಲ್ಲಿ ಕೊಡಿಸಿದ್ದ ಪೆಟ್ಟಿಗೆ, ಜೇಡರ ಬಲೆ ಸಮೇತ, ಅಲ್ಲೇ ಇತ್ತು. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮಿನ ಹೆಸರಿಲ್ಲದ ನಕಲು. ಸ್ಕ್ರೂ ಬಿಚ್ಚಿದರೆ ಒಳಗೆ ಮುಕ್ಕಾಲು ಪಾಲು ಗಾಳಿ. ಅರವತ್ತು ಹಲ್ಲಿನ ಕ್ಯಾಸೆಟ್ ಬಾಯಿ, ಅದರ ಕೆಳಗೆ ಅಂಗೈಯಗಲದ ಬೋರ್ಡು, ಬೋರ್ಡಿನ ನಡುವೆ ಕರೀ ಅಂಟಿನ ಒಂದು ಬೊಟ್ಟು. ಮಗುವಿನ ಕೆನ್ನೆಗಿಟ್ಟ ದೃಷ್ಟಿಬೊಟ್ಟಿನ ಹಾಗೆ. ಇಡೀ ಆಟದ ಪೆಟ್ಟಿಗೆ ಆ ಬೊಟ್ಟಿನೊಳಗೆ. ಐದೇ ವೋಲ್ಟು ಸಾಕು. ಕತ್ತರಿಸುವುದೇ ಬೇಡ, ಯಾರೋ ಆಗಲೇ ಅಂಗೈಗೆ ಅಳೆದಿಟ್ಟಂತಿತ್ತು. ಬಾತುಕೋಳಿ ಹೊಡೆಯುವ ಬಂದೂಕೂ ಸಿಕ್ಕಿತು. ಅದು ಹಳೇ ಡಬ್ಬಾ ಟಿವಿಯ ಬೆಳಕನ್ನಷ್ಟೇ ಗುರುತಿಸುತ್ತದೆ, ಚಪ್ಪಟೆ ಸ್ಕ್ರೀನಿನೆದುರು ಕುರುಡು. ಕೈಯಲ್ಲೇ ಹಿಡಿದ ಸ್ಕ್ರೀನಿಗೆ ಗುಂಡು ಹೊಡೆಯುವುದಾದರೂ ಹೇಗೆ?

ಬೆಸುಗೆಗೆ ಮುಂಚೆ ಜೀವವಿದೆಯೇ ನೋಡೋಣವೆಂದು ಪಡಸಾಲೆಯ ಟಿವಿಗೆ ಸಿಕ್ಕಿಸಿದೆ. ಹತ್ತಲಿಲ್ಲ. ಸುತ್ತ ನೋಡಿ, ಕ್ಯಾಸೆಟ್ ಕಿತ್ತು, ಊದಿ, ತುರುಕಿದೆ. ಮಾರಿಯೋ ನಿಂತಿದ್ದ, ಅದೇ ಹಾಡು.

ಅಪ್ಪ ಆರಾಮ ಕುರ್ಚಿಯಲ್ಲಿದ್ದರು, ಅಂಗೈಯಲ್ಲಿ ಮೊಬೈಲು. ತಲೆ ಎತ್ತಲಿಲ್ಲ.

“ಸೌಂಡು ಸ್ವಲ್ಪ ಕಮ್ಮಿ ಮಾಡೋ ಮಾರಾಯ, ವಾರ್ತೆ ಕೇಳ್ತಿಲ್ಲ.”